ಅಳುವ ರಾಗದಲ್ಲಿ ಇಂಗ್ಲಿಷ್ ಓದಿದ ಗುಯಿಲಾನ್

ಚೀನಾದ ಬೆಟ್ಟನಾಡಾದ ಎನ್ಶಿಯ ನಮ್ಮ ಕಾಲೇಜಿನಲ್ಲಿ ಬೆಳಗಿನ ಓದೆಂದರೆ ಕೊಳದ ಸುತ್ತ ನಿಂತು ಗಟ್ಟಿಯಾಗಿ ಇಂಗ್ಲಿಷ್ ಓದುವುದು. ಒಬ್ಬೊಬ್ಬರಿಗೆ ಒಂದೊಂದು ಮರ. ಮುಖ ಮರಕ್ಕೆ, ಬೆನ್ನು ಲೋಕಕ್ಕೆ. ನೂರು ಬಾಯಿಗಳು ನೂರು ಪಾಠಗಳನ್ನು ಒಟ್ಟಿಗೆ ಕೂಗಿದರೂ ಯಾರೂ ಯಾರಿಗೂ ಕಿವಿಗೊಡುವುದಿಲ್ಲ. ಕಿವಿಗೊಡದಿರುವುದೇ ಅಲ್ಲಿಯ ಮರ್ಯಾದೆ. ಆ ಮರ್ಯಾದೆ ಪೆಂಗ್ ಗುಯಿಲಾನ್ ಒಬ್ಬಳಿಗೆ ಸಿಗಲಿಲ್ಲ. ಅವಳು ಬಾಯಿ ತೆರೆದರೆ ಸುತ್ತಲಿನ ಓದು ನಿಂತು ನಗು ಏಳುತ್ತಿತ್ತು.

ನಗುವಿಗೆ ಕಾರಣ ಅವಳ ರಾಗ. ನಾವು ತುಜಿಯಾ ಜನ. ನಮ್ಮಲ್ಲಿ ಮದುವೆಗೆ ಮುನ್ನ ಒಂದು ತಿಂಗಳು ಹೆಣ್ಣು ಅಳಬೇಕು. ಕಣ್ಣೀರು ಸುರಿಸಿದರೆ ಸಾಲದು, ಹಾಡಿ ಅಳಬೇಕು. ಅಮ್ಮ, ಅತ್ತೆ, ಅತ್ತಿಗೆ, ನೆರೆಮನೆಯ ಅಜ್ಜಿ, ಹೀಗೆ ಒಬ್ಬೊಬ್ಬರನ್ನೂ ಕರೆದು ಅವರು ಮಾಡಿದ ಉಪಕಾರಗಳನ್ನು ಎಣಿಸಿ ಅಳಬೇಕು. ಚೆನ್ನಾಗಿ ಅಳಲಾರದ ಮದುವಣಗಿತ್ತಿಯನ್ನು ಊರು ದಡ್ಡಿಯೆಂದು ಆಡಿಕೊಳ್ಳುತ್ತದೆ. ಗುಯಿಲಾನಳ ಅಜ್ಜಿ ತನ್ನ ಬೆಟ್ಟದ ಹಳ್ಳಿಯಲ್ಲಿ ಹುಡುಗಿಯರಿಗೆ ಅಳುವುದನ್ನು ಕಲಿಸುತ್ತಿದ್ದವಳು. ಆ ಮಡಿಲಲ್ಲಿ ಬೆಳೆದ ಮೊಮ್ಮಗಳಿಗೆ ಮಗ್ಗಿಯೂ ಆ ರಾಗದಲ್ಲೇ ಬಂತು, ಇಂಗ್ಲಿಷ್ ಕೂಡ ಅದರಲ್ಲೇ ಬಂತು. ಜೇನು ಸಾಕಣೆಯ ಕುರಿತಾದ ಪಾಠವನ್ನು ಅವಳು ಓದಿದರೆ ಜೇನುಗೂಡಿಗೆ ಏನೋ ಅನಾಹುತ ಸಂಭವಿಸಿದೆಯೆಂದು ತೋರುತ್ತಿತ್ತು.

ಅವಳ ಕೋಣೆಯಲ್ಲೇ ಇದ್ದ ಹೆ ಜಿಂಗ್ ವುಹಾನ್ ನಗರದ ಹುಡುಗಿ. ತರಗತಿಯ ಓದಿನ ಮುಖಂಡೆಯೂ ಆಗಿದ್ದವಳು ಒಂದು ಬೆಳಿಗ್ಗೆ ಕೊಳದ ಆಚೆ ದಡದಿಂದಲೇ ಕೂಗಿದಳು.

"ಲೇ ಗುಯಿಲಾನ್, ಇವತ್ತು ಯಾರ ಜೊತೆ ನಿನ್ ಮದುವೆ? ಗಂಡು ಲಂಡನ್ನೋನಾ?"

"ಯಾರಾದ್ರೇನು, ನಿನ್ನನ್ನಂತೂ ಕರೆಯಲ್ಲ ಬಿಡು. ಹೊಟ್ಟೆ ತುಂಬ ತಿಂದು ಮೆಣಸಿನಕಾಯಿ ಜಾಸ್ತಿ ಅಂತೀಯ."

"ಮನಸ್ಸಲ್ಲೇ ಓದ್ಕೊಳ್ಳೇ ಮಾರಾಯ್ತಿ! ನಿನ್ನ ಗೋಳು ಕೇಳಿ ನಾನು ಕಲಿತ ಪದ ಎಲ್ಲಾ ಓಡಿಹೋಗ್ತಿವೆ."

"ಅಷ್ಟಕ್ಕೇ ಓಡಿಹೋಗೋ ಪದ ನಿನ್ನ ಹತ್ರ ಇದ್ದದ್ದೇ ಸುಳ್ಳು ಕಣೇ."

ಮರುದಿನದಿಂದ ಗುಯಿಲಾನ್ ಕೊಳವನ್ನು ಬಿಟ್ಟು ಬಾಯ್ಲರ್ ಮನೆಯ ಹಿಂದೆ ನಿಲ್ಲತೊಡಗಿದಳು. ಸೋತು ಹಿಂದೆ ಸರಿದಳೆಂದು ಹುಡುಗಿಯರು ಭಾವಿಸಿದರು. ಹಬೆಯ ಸದ್ದಿನಲ್ಲಿ ಇನ್ನೂ ಎತ್ತರದ ದನಿಯಲ್ಲಿ ಓದಬಹುದೆಂಬುದು ಅವಳ ಲೆಕ್ಕಾಚಾರವೆಂದು ಅವರಿಗೆ ತಿಳಿದಿರಲಿಲ್ಲ. ನಾನು ಹುಡುಗಿಯರ ವಸತಿಗೃಹದ ಮೇಲ್ವಿಚಾರಕಿ. ಸಂಜೆ ತರಗತಿಯಲ್ಲಿ ಅದೇ ಇಂಗ್ಲಿಷಿನೊಡನೆ ವಯಸ್ಸಾದ ಮೇಲೆ ಸೆಣಸಿದವಳಾದ್ದರಿಂದ, ಬಿಸಿನೀರಿಗೆ ಹೋದಾಗಲೆಲ್ಲ ನಿಂತು ಕೇಳುತ್ತಿದ್ದೆ. ಒಂದು ದಿನ ಕೇಳಿಯೇಬಿಟ್ಟೆ.

"ಅಲ್ಲ ಮಗಾ, ಜೇನುಹುಳಕ್ಕೆ ಯಾಕಿಷ್ಟು ಗೋಳಾಡ್ತೀಯ?"

"ಚಿಕ್ಕಮ್ಮ, ನಾವು ಮಾತಾಡೋವಾಗ 'ನನಗೆ ಜಡೆ ಹೆಣೆದ ಅತ್ತೆ' ಅಂತೀವಿ. ಜಡೆ ಮೊದಲು, ಅತ್ತೆ ಆಮೇಲೆ. ಈ ಇಂಗ್ಲಿಷಿನೋರು ಅತ್ತೆಯನ್ನ ಮೊದಲು ತಂದು ನಿಲ್ಲಿಸ್ತಾರೆ, ಜಡೆಯನ್ನ ಆಮೇಲೆ ಅವಳ ಬೆನ್ನಿಗೆ ಕಟ್ತಾರೆ. ಅಳೋವಾಗ ನಾವೂ ಹಂಗೇ ಅಲ್ವಾ? 'ಅತ್ತೇ...' ಅಂತ ಮೊದಲು ಕರೀತೀವಿ, ಅವಳು ಏನೇನು ಮಾಡಿದ್ಲು ಅನ್ನೋದು ಹಿಂದಿಂದೆ ಬರುತ್ತೆ. ಅತ್ತರೆ ನನಗೆ ವಾಕ್ಯ ಬಿಡಿಸ್ಕೊಳ್ಳುತ್ತೆ. ಸುಮ್ಮನೆ ಓದಿದ್ರೆ ಬರೀ ಗಂಟು."

ಉಳಿದವರಿಗೆ ವಾಕ್ಯ ಬಿಡಿಸುವ ಗೋಜೇ ಇರಲಿಲ್ಲ. ಪಾಠವನ್ನು ಓದಲೇಬೇಡಿ, ಪ್ರಶ್ನೆಯಲ್ಲಿರುವ ಪದ ಪಾಠದಲ್ಲಿ ಎಲ್ಲಿದೆಯೋ ಹುಡುಕಿ ಗುರುತು ಹಾಕಿ ಎಂದು ಪಟ್ಟಣದ ತರಬೇತಿಯವರು ಕಲಿಸಿದ್ದರು. ಗುಯಿಲಾನ್ ಮೊದಲ ಅಕ್ಷರದಿಂದ ಕೊನೆಯ ಚುಕ್ಕಿಯವರೆಗೆ ಓದುವವಳು. ಹೀಗಾಗಿ ತಾಲೀಮಿನ ಪರೀಕ್ಷೆಗಳಲ್ಲಿ ಅವಳ ಕೊನೆಯ ಪಾಠ ಮುಟ್ಟದೆ ಉಳಿಯುತ್ತಿತ್ತು, ಮಾರ್ಕುಗಳು ತಳದಲ್ಲಿರುತ್ತಿದ್ದವು. ಅದನ್ನು ನಾನು ಮುಚ್ಚಿಡುವುದಿಲ್ಲ.

ಆ ವರ್ಷಗಳಲ್ಲಿ ಸರ್ಕಾರ ನಡೆಸುವ ನಾಲ್ಕನೆಯ ದರ್ಜೆಯ ಇಂಗ್ಲಿಷ್ ಪರೀಕ್ಷೆ ಪಾಸಾಗದವರಿಗೆ ನಮ್ಮ ಕಾಲೇಜು ಪದವಿ ಕೊಡುತ್ತಿರಲಿಲ್ಲ. ಪರೀಕ್ಷೆಗೆ ಕೂತವರಲ್ಲಿ ಎಷ್ಟು ಪಾಲು ಪಾಸಾದರು ಎಂಬುದರ ಮೇಲೆ ವಿಭಾಗಕ್ಕೆ ಹೆಸರು ಬರುತ್ತಿತ್ತು. ಪಾಸಾಗುವವರನ್ನು ಹೆಚ್ಚಿಸುವುದು ಕಷ್ಟ, ಕೂರುವವರನ್ನು ಕಡಿಮೆ ಮಾಡುವುದು ಸುಲಭ. ವಿದ್ಯಾರ್ಥಿಗಳ ಉಸ್ತುವಾರಿಯ ಫಾಂಗ್ ಮೇಷ್ಟ್ರು ಆ ಸುಲಭದ ದಾರಿಯನ್ನು ಹಿಡಿದರು. ಕೆಟ್ಟ ಮನುಷ್ಯರಲ್ಲ, ಮೆತ್ತಗೆ ಮಾತಾಡುವವರು. ಮೆತ್ತಗೆ ಮಾತಾಡುವವರಿಗೆ ಎದುರಾಡುವುದು ಇನ್ನೂ ಕಷ್ಟ.

ಒಂದು ಸಂಜೆ ನಮ್ಮ ವಸತಿಗೃಹದ ಕೆಳಗಿನ ಹಜಾರದಲ್ಲಿ ತರಗತಿಯ ಸಭೆ ಸೇರಿತು. ಬೀಗ ತೆಗೆದುಕೊಟ್ಟ ನಾನು ಬಾಗಿಲಲ್ಲೇ ಉಳಿದೆ. ಈ ಸಲ 'ಸ್ವಂತ ಇಚ್ಛೆಯಿಂದ' ಪರೀಕ್ಷೆಯನ್ನು ಬಿಟ್ಟುಕೊಡುವವರ ಹೆಸರುಗಳನ್ನು ಹೆ ಜಿಂಗ್ ಕರೆದಳು. ಕರೆಸಿಕೊಂಡವರು ಎದ್ದು, ತಲೆ ತಗ್ಗಿಸಿ, "ಒಪ್ಪಿಗೆ" ಎಂದು ಕೂರುತ್ತಿದ್ದರು. ಕೊನೆಗೆ ಗುಯಿಲಾನಳ ಹೆಸರು ಬಂತು. ಅವಳೂ ಎದ್ದಳು.

"ಒಪ್ಪಿಗೆ ಇಲ್ಲ."

ಫಾಂಗ್ ಮೇಷ್ಟ್ರು ಮುಗುಳ್ನಕ್ಕರು. "ಗುಯಿಲಾನ್, ನಿನ್ನ ಒಳ್ಳೇದಕ್ಕೇ ಹೇಳ್ತಿರೋದಮ್ಮ. ಮುಂದಿನ ಸಲ ಕೂರಬಹುದಲ್ಲ?"

"ನನ್ನ ಒಳ್ಳೇದಾದ್ರೆ ನನ್ನನ್ನ ಒಂದು ಮಾತು ಕೇಳಬೇಕಿತ್ತು ಮೇಷ್ಟ್ರೇ. ಸ್ವಂತ ಇಚ್ಛೆ ಅಂದ್ರಿ. ನನಗೇ ಗೊತ್ತಿಲ್ಲದ ನನ್ನ ಇಚ್ಛೆ ನಿಮ್ಮ ಹತ್ರ ಹೆಂಗೆ ಬಂತು?"

ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರ ಮುಖದ ನಗು ಮಾಸಿತು.

"ಆಯ್ತು. ಈಗಲೇ ಒಂದು ಹೊಸ ಪಾಠ ಕೊಡ್ತೀನಿ. ಎಲ್ಲರೆದುರು ಓದಿ ಅರ್ಥ ಹೇಳು. ಹೇಳಿದ್ರೆ ಪರೀಕ್ಷೆಗೆ ಕೂರು, ನಾನು ಬೇಡ ಅನ್ನಲ್ಲ."

ಅವಳು ಆ ಪಾಠವನ್ನು ಓದಿ ಎಲ್ಲರ ಬಾಯಿ ಮುಚ್ಚಿಸಲಿ ಎಂದು ನನ್ನ ಮನಸ್ಸು ತವಕಿಸಿತು. ಗುಯಿಲಾನ್ ಕೈ ಚಾಚಲಿಲ್ಲ.

"ಹೇಳಲ್ಲ."

"ಬರಲ್ವಾ?"

"ಬರುತ್ತೆ. ಬರದಿದ್ರೂ ಹೇಳಲ್ಲ. ಬರುತ್ತೋ ಇಲ್ವೋ ಅಂತ ನೋಡೋಕೇ ಅಲ್ವಾ ಸರ್ಕಾರ ಪರೀಕ್ಷೆ ಇಟ್ಟಿರೋದು? ಆ ಬಾಗಿಲಿಗೆ ಹೋಗೋಕೆ ನಿಮ್ಮ ಹತ್ರ ಇನ್ನೊಂದು ಬಾಗಿಲು ಯಾಕೆ ತಟ್ಲಿ? ಹೆ ಜಿಂಗ್‌ನ ಹಿಂಗೆ ನಿಲ್ಲಿಸಿ ಓದಿಸಿದ್ರಾ?"

ಆಗ, ಮೊದಲೇ 'ಒಪ್ಪಿಗೆ' ಎಂದು ಕೂತಿದ್ದ ಒಬ್ಬ ಹುಡುಗಿ ಹಿಂದಿನ ಸಾಲಿನಿಂದ ಎದ್ದಳು. "ಮೇಷ್ಟ್ರೇ... ನಂದೂ ಒಪ್ಪಿಗೆ ಇಲ್ಲ." ಅವಳ ಪಕ್ಕದವಳು ಕೂತಲ್ಲಿಂದಲೇ, "ನಂದೂನೂ" ಎಂದಳು. ಒಬ್ಬರಾದ ಮೇಲೊಬ್ಬರು ಕೊಟ್ಟ ಮಾತನ್ನು ಹಿಂದಕ್ಕೆ ಪಡೆದರು. ಹೆ ಜಿಂಗ್ ಲೇಖನಿ ಕೆಳಗಿಟ್ಟು, "ಈಗ ನಾನೇನು ಬರ್ಕೊಳ್ಳಲಿ ಮೇಷ್ಟ್ರೇ?" ಎಂದಾಗ ಉತ್ತರ ಕೊಟ್ಟವಳು ಗುಯಿಲಾನ್.

"ಎಲ್ಲರೂ ಕೂರ್ತಾರೆ ಅಂತ ಬರ್ಕೋ."

ಎಲ್ಲರೂ ಪರೀಕ್ಷೆಗೆ ಕೂತರು. ಗುಯಿಲಾನ್ ಫೇಲಾದಳು. ವಿಭಾಗದ ಹೆಸರು ಕೆಳಗಿಳಿಯಿತು. ಊಟದ ಸಾಲಿನಲ್ಲಿ ಅವಳಿಗೆ ಕೇಳಿಸುವಂತೆಯೇ ಮಾತುಗಳು ಬಿದ್ದವು. ಫಾಂಗ್ ಮೇಷ್ಟ್ರು ವಸತಿಗೃಹದ ಬಾಗಿಲಲ್ಲೇ ಅವಳನ್ನು ತಡೆದರು.

"ನಾನು ಮೊದಲೇ ಹೇಳಿರಲಿಲ್ವಾ?"

"ಹೇಳಿದ್ರಿ ಮೇಷ್ಟ್ರೇ. ಆದ್ರೂ ನನ್ನ ಸೋಲನ್ನ ನಾನೇ ಸೋತೆ. ನಿಮ್ಮ ಕೈಲಿ ಸೋಲಿಸ್ಕೊಳ್ಳಲಿಲ್ಲ."

ಹಾಗೆ ಹೇಳಿ ಮೆಟ್ಟಿಲು ಹತ್ತಿದವಳು ಕೋಣೆಯಲ್ಲಿ ಅತ್ತಳೋ ಇಲ್ಲವೋ ನಾನು ಕಾಣೆ. ರಜೆಗೆ ಊರಿಗೆ ಹೋಗಿ, ಅಜ್ಜಿಯ ಮುಂದೆ ಕೂತು, ಒಂದು ಪಾಠವನ್ನು ಅತ್ತು ತೋರಿಸಿದಳಂತೆ. ಇಂಗ್ಲಿಷಿನ ಒಂದಕ್ಷರ ತಿಳಿಯದ ಮುದುಕಿ ಅರ್ಧಕ್ಕೇ ತಡೆದು ಬೈದಳಂತೆ: "ಪಲ್ಲಕ್ಕಿ ಬಾಗಿಲಿಗೆ ಬಂದು ನಿಂತಿದೆ, ನೀನಿನ್ನೂ ಮೊದಲನೇ ಅತ್ತೆ ಕೊರಳಿಗೇ ಜೋತು ಬಿದ್ದಿದ್ದೀಯಲ್ಲೇ! ತಿಂಗಳ ಅಳು ಬೇರೆ, ಹೊಸ್ತಿಲ ಅಳು ಬೇರೆ. ಹೊಸ್ತಿಲಲ್ಲಿ ಬಂದವರ ಹೆಸರು ಹಿಡಿದು ಕರೆ, ಕೈ ಮುಗಿ, ಮುಂದಕ್ಕೆ ನಡಿ."

ಬೆಟ್ಟದಿಂದ ಇಳಿದು ಬಂದವಳು ಹೊಸ್ತಿಲ ಅಳುವನ್ನು ಅಭ್ಯಾಸಕ್ಕಿಟ್ಟಳು. ಎಲ್ಲ ವಾಕ್ಯಗಳಿಗೂ ಒಂದೇ ಅಳತೆಯ ಗೋಳು ಸುರಿಯುವುದನ್ನು ನಿಲ್ಲಿಸಿದಳು. ಕರೆದು ಮುಂದೆ ಹೋಗುವುದು; ಗಂಟು ಬಿದ್ದ ಕಡೆ ಮಾತ್ರ ನಿಂತು ಅಳುವುದು. ಪಾಠ ಪೂರ್ತಿ ಓದುವ ಹಟವನ್ನು ಮಾತ್ರ ಬಿಡಲಿಲ್ಲ. ಚಳಿಗಾಲದ ಪರೀಕ್ಷೆಗೆ ಹೆಸರು ಕೊಡುವ ದಿನ 'ಸ್ವಂತ ಇಚ್ಛೆ'ಯ ಮಾತನ್ನು ಮೇಷ್ಟ್ರು ಎತ್ತಲೇ ಇಲ್ಲ. ಆ ಸಲ ಅವಳು ಪಾಸಾದಳು. ಅವಳ ಹಿಂದೆ ಎದ್ದು ನಿಂತವರಲ್ಲಿ ಕೆಲವರು ಪಾಸಾದರು, ಕೆಲವರು ಮತ್ತೆ ಕೂರಬೇಕಾಯಿತು.

ವಸಂತದಲ್ಲಿ ಹೊಸ ವಿದ್ಯಾರ್ಥಿಗಳಿಗಾಗಿ ಅನುಭವ ಹಂಚಿಕೊಳ್ಳುವ ಸಭೆ ನಡೆಯುವುದು ನಮ್ಮಲ್ಲಿ ರೂಢಿ. ಪಾಸಾದವರು ವೇದಿಕೆ ಹತ್ತಿ, ಗುರುಗಳಿಗೆ ವಂದಿಸಿ, ದಿನಕ್ಕೆ ಎಷ್ಟು ಪದ ಕಲಿತೆವೆಂದು ಹೇಳಿ ಇಳಿಯುತ್ತಾರೆ. ತಳದಿಂದ ಮೇಲೆದ್ದವಳೆಂದು ಗುಯಿಲಾನಳನ್ನೂ ಕರೆದರು. "ವಿಭಾಗದ ಪ್ರೋತ್ಸಾಹ ಇದ್ರೆ ಎಂಥೋರೂ ಏನು ಸಾಧಿಸಬಹುದು ಅನ್ನೋದಕ್ಕೆ ಇವಳೇ ಸಾಕ್ಷಿ" ಎಂದು ಪರಿಚಯಿಸಿದ ಫಾಂಗ್ ಮೇಷ್ಟ್ರು ತಾವೇ ಮೊದಲು ಚಪ್ಪಾಳೆ ತಟ್ಟಿದರು.

ಗುಯಿಲಾನ್ ಚಪ್ಪಾಳೆ ಮುಗಿಯುವವರೆಗೆ ಕಾದಳು.

"ಮೇಷ್ಟ್ರು ಮರೆತಿದ್ದಾರೆ. ನನ್ನನ್ನ ಕೂರಬೇಡ ಅಂದಿದ್ರು. ನಾನು ಕೂತೆ, ಸೋತೆ, ಮತ್ತೆ ಕೂತೆ. ನಿಮ್ಮಲ್ಲಿ ಯಾರಿಗಾದ್ರೂ ಯಾರಾದ್ರೂ ಹಂಗೆ ಅಂದ್ರೆ, ಕೂರಿ. ನನ್ನ ಅನುಭವ ಇಷ್ಟೇ."

ಮುಂದಿನ ಸಾಲಿನಲ್ಲಿದ್ದ ಒಬ್ಬ ಪುಟ್ಟ ಹುಡುಗಿ ಮೇಷ್ಟ್ರ ಕಡೆ ಕಳ್ಳನೋಟ ಬೀರಿ, ಅರ್ಧಂಬರ್ಧ ಎದ್ದು ಕೇಳಿದಳು. "ಅಕ್ಕಾ, ಅವರು ಸಿಟ್ಟು ಮಾಡ್ಕೊಂಡ್ರೆ?"

"ಮಾಡ್ಕೊಳ್ಳಲಿ ಬಿಡು. ಸಿಟ್ಟಿಗೆ ಮಾರ್ಕಿಲ್ಲ."