ಗುಡಗೇರಿಯ ಕೌದಿಯಲ್ಲಿ ನಾಲ್ಕು ಗ್ಯಾಲಕ್ಸಿ

ಹುಬ್ಬಳ್ಳಿಯಿಂದ ಗುಡಗೇರಿಗೆ ಹೋಗುವವರು ಬೆಳಗಿನ ರೈಲನ್ನೇ ಹಿಡಿಯಬೇಕು, ಬಲಗಡೆಯ ಕಿಟಕಿಗೆ ಕೂಡಬೇಕು. ಎಡಗಡೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಹಳೆಯ ಸೀರೆಗಳನ್ನು ಪದರು ಹಾಕಿ ಹೊಲಿದ ಕೌದಿ ಮಾರಿಯೇ ಅಂಗಡಿ ಇಟ್ಟವಳು ನಾನು. ಈ ಸಲದ್ದು ಹೊದೆಯುವ ಕೌದಿಯಲ್ಲ. ಗುಡಗೇರಿ ಶಾಲೆಯ ವಿಜ್ಞಾನದ ಕೋಣೆಯ ಗೋಡೆಗೆ, ನಾಲ್ಕು ಬಗೆಯ ಗ್ಯಾಲಕ್ಸಿ ಇರುವ ಕೌದಿ. ಅಂದೇ ಮಧ್ಯಾಹ್ನ ಕೋಣೆಯ ಉದ್ಘಾಟನೆ. ಆ ಶಾಲೆಯ ಸರೋಜಾ ಟೀಚರ್ ಒಪ್ಪಿದರೆ ಇನ್ನೂ ಮೂರು ಶಾಲೆಗಳ ಆರ್ಡರ್ ಬರುವುದಿತ್ತು.

ಅದನ್ನು ಹೊಲಿದ ಗುಡಗೇರಿಯ ಗಂಗವ್ವಜ್ಜಿಯ ಮನೆಕಟ್ಟೆಯ ಮೇಲೆ ಕೌದಿ ಹಾಸಿತ್ತು. ಚಂದ್ರಕಾಳಿ ಸೀರೆಯ ಕಪ್ಪು ಆಕಾಶ, ಬಿಳಿ ಧೋತರದ ಗ್ಯಾಲಕ್ಸಿಗಳು. ಸರೋಜಾ ಟೀಚರ್ ಬಾಗಿ ನೋಡಿದರು.

“ಸುರುಳಿ ತೋಳಿನದು ಛಲೋ ಆಗೇತಿ. ನಡುವ ಪಟ್ಟಿ ಇದ್ದು ತೋಳ ಹೊಂಟದ್ದೂ ಆತು, ಆಕಾರನ ಇಲ್ಲದ್ದೂ ಆತು. ಈ ನಾಕನೇದು ಮಾತ್ರ ತತ್ತಿಯಂಗ ನುಣ್ಣಗ ಇರಬೇಕಿತ್ರಿ ಅಜ್ಜಿ. ಇದಕ್ಕೂ ಸುರುಳಿ ಬಂದೇತಿ!”

“ಕೌದಿ ಹೊಲಿಯೂದ ಹಂಗವಾ. ಅಂಚಿನಿಂದ ಸುತ್ತಿ ಸುತ್ತಿ ನಡುವಕ್ಕ ಬರೂದು.”

ನಾನು ಚೌಕಾಶಿಗೆ ಇಳಿದೆ. “ಇದನ್ನೂ ಸುರುಳಿ ಅಂತ ಬರದಬಿಡ್ರಿ. ಅಲ್ಲಿ ಹೋಗಿ ನೋಡಾವ್ರ ಯಾರು?”

“ಇದು ಎಂ ಎಂಬತ್ತೇಳು ಅಕ್ಕಾರ. ಹುಡುಗೂರು ಚಿತ್ರ ನೋಡ್ಯಾರ, ತಪ್ಪು ಹಿಡೀತಾರ.”

“ಹೆಸರಂದ್ರ ನಂಬರೇನ್ರಿ?”

“ಲೆಕ್ಕ ಇಲ್ಲದಷ್ಟು ಅದಾವು. ವಿಜ್ಞಾನಿಗಳ ಯಾದಿಯೊಳಗಿನ ನಂಬರನ ಭಾಳ ಗ್ಯಾಲಕ್ಸಿಗೆ ಹೆಸರು. ಕೆಲವಕ್ಕಷ್ಟ ರೂಪ ನೋಡಿ ಗಾಡಿಗಾಲಿ, ಟೊಪ್ಪಿಗಿ ಅಂತ ಇಟ್ಟಾರ.”

ಹೊಲಿಗೆ ಬಿಚ್ಚಿದರೆ ಪದರುಗಳೇ ಸಡಿಲಾಗುತ್ತವೆ. ಅಜ್ಜಿ ಉಳಿದ ಧೋತರವನ್ನು ತತ್ತಿಯಾಕಾರ ಕತ್ತರಿಸಿ ಸುರುಳಿಯ ಮೇಲೆ ಹೊದಿಸಿದಳು, ಅಂಚನ್ನಷ್ಟೇ ಹೊಲಿದಳು. ನುಣುಪಾಯಿತು! ಬೆರಳಗಲ ಉಳಿದಾಗ ಕೈ ನಿಲ್ಲಿಸಿದಳು. ಮನೆ ಬಿಡುವ ಕೌದಿಯ ಹೊಟ್ಟೆಗೆ ಒಂದು ತುತ್ತು ಇಡುವುದು ಅವಳ ಪದ್ಧತಿ; ಹೋಳಿಗೆಯ ಚೂರು ಎತ್ತಿಕೊಂಡಳು.

“ಹೋಳಿಗಿ ಬ್ಯಾಡಬೇ, ಇರುವಿ ಹತ್ತತಾವ,” ಎಂದೆ. “ಖಡಕ್ ರೊಟ್ಟಿ ಹಾಕು.”

“ವ್ಯಾಪಾರಸ್ಥಿ ಅಂದ್ರ ನೀನ ನೋಡು,” ಎಂದು ನಕ್ಕು, ರೊಟ್ಟಿಯ ಚೂರು ತುರುಕಿ ಹೊಲಿಗೆ ಮುಗಿಸಿದಳು.

ಮಧ್ಯಾಹ್ನ ಶಾಲೆಯ ಗೋಡೆಗೆ ತೂಗಿದ ಕೌದಿಗೆ ಮಕ್ಕಳು ಮುತ್ತಿದರು. ಒಬ್ಬಳು ನಾಲ್ಕನೆಯದನ್ನು ಒತ್ತಿದಳು. “ಟೀಚರ್, ಇದರ ನಡುವ ಏನೋ ಗಟ್ಟಿ ಐತ್ರಿ!”

ನಾನು ಕೌದಿಯ ಅಂಚು ಸರಿಪಡಿಸುವ ನೆವದಲ್ಲಿ ಮುಂದೆ ಬಂದೆ. ಟೀಚರ್ ಮಾತ್ರ ನಗದೆ ಹೇಳಿದರು: “ಖರೇವಂದ್ರೂ ಅದರ ನಡುವ ದೊಡ್ಡ ಕಪ್ಪುಕುಳಿ ಐತಿ. ಹತ್ತಿರ ಬಂದದ್ದನ್ನ ನುಂಗತೈತಿ.”

“ನುಂಗಲಿ ಬಿಡವಾ,” ಎಂದಳು ಹಿಂದಿನಿಂದ ಗಂಗವ್ವಜ್ಜಿ. “ಅದಕ್ಕಂತನ ರೊಟ್ಟಿ ಇಟ್ಟೇನಿ.”

ಕೋಣೆಯೆಲ್ಲ ನಕ್ಕಿತು. ಮೂರು ಶಾಲೆಗಳ ಆರ್ಡರ್ ಹಿಡಿದು ಸಂಜೆಯ ರೈಲು ಹತ್ತಿದೆ. ಬೀಳ್ಕೊಡಲು ಬಂದ ಅಜ್ಜಿ ಸ್ಟೇಶನ್ನಿನಲ್ಲಿ ನಿಂತೇ ಕೂಗಿದಳು: “ಮುಂದಿನ ಸಲ ಧೋತರ ಜಾಸ್ತಿ ತಾ. ರೊಟ್ಟಿ ನಾ ಬಡೀತೇನಿ!”