ಗುಡ್ಡ ಹತ್ತಿಸಿ ನೋಡಿದವಳು

ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಟ್ರ್ಯಾಕ್ಟರ್ ಕೆಟ್ಟ ಆ ವರ್ಷ ಹೊಲಕ್ಕೆ ಹಾಕಿದ್ದು ಈರುಳ್ಳಿಯೋ ಮೆಕ್ಕೆಜೋಳವೋ ಖಾತ್ರಿಯಿಲ್ಲ. ಮೆಕ್ಯಾನಿಕ್ ಬಾಷಾ ಬೈಕಿನಲ್ಲಿ ಬಂದನೋ ಬಸ್ಸಿಳಿದು ನಡೆದು ಬಂದನೋ, ಅದೂ ಮಸುಕು. ಆದರೆ ನನ್ನ ಸೋದರತ್ತೆ ಈರಕ್ಕ ನಗುಮೊಗದವಳಾಗಿರಲಿಲ್ಲ. ಇದರಲ್ಲಿ ನನ್ನ ನೆನಪು ತಪ್ಪಿಲ್ಲ. ಊರ ಮುಂದೆ ಕಟ್ಟಿದ್ದ ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ ‘ಸದಾ ನಗುಮೊಗದ ಮಮತಾಮಯಿ’ ಎಂದು ಓದಿದಾಗ ಅದನ್ನು ಹರಿದುಹಾಕಬೇಕು ಅನ್ನಿಸಿತು. ಬದುಕಿದ್ದಾಗ ಅವಳ ಮಾತನ್ನು ಕೇಳಿಸಿಕೊಳ್ಳದವರು ಸತ್ತಮೇಲೆ ಮುಖವನ್ನೂ ಬದಲಾಯಿಸಿಬಿಟ್ಟಿದ್ದರು.

ಅತ್ತೆ ಬೆಳಿಗ್ಗೆ ಟ್ರ್ಯಾಕ್ಟರ್ ಹತ್ತುವ ಮೊದಲು ಅದಕ್ಕೆ ಬೈಯುತ್ತಿದ್ದಳು. ಸೀರೆಯ ಮೇಲೆ ಸತ್ತ ಗಂಡನ ಹಳೆಯ ಅಂಗಿ, ತಲೆಗೊಂದು ಟವೆಲ್. “ಏಳಲೇ ಸೋಮಾರಿ, ರಾತ್ರಿಯೆಲ್ಲಾ ನಿದ್ದೆ ಮಾಡಿದೀಯ, ಇನ್ನೂ ಯಾಕೆ ಕೆಮ್ಮತೀಯ?” ಎಂದು ಬಾನೆಟ್ಟಿನ ಮೇಲೊಂದು ಏಟು. ಗಂಡ ತೀರಿಕೊಂಡ ಮೇಲೆ ತನ್ನ ಕುರಿಗಳನ್ನು ಹೊಡೆದುಕೊಂಡು ಹಿರಿಯೂರಿನ ಕಡೆಯ ನಮ್ಮ ಊರಿಗೆ, ತಮ್ಮನ ಮನೆಗೆ ಬಂದವಳು ಅವಳು. ಆ ತಮ್ಮ ನನ್ನ ಚಿಕ್ಕಪ್ಪ. ಕುರಿ ಮಾರಿ ಟ್ರ್ಯಾಕ್ಟರ್ ತಂದರು. ಕುರಿ ಅತ್ತೆಯವು, ಟ್ರ್ಯಾಕ್ಟರ್ ಚಿಕ್ಕಪ್ಪನ ಹೆಸರಿನಲ್ಲಿ. ಅವನಿಗೆ ಸೊಂಟನೋವು ಅಂತ ಹೊಲದ ಕೆಲಸವೆಲ್ಲ ಅವಳ ಪಾಲಿಗೆ. ಬಾಡಿಗೆಗೆ ಹೋಗುವ ದಿನ ಮಾತ್ರ ಅವನ ಸೊಂಟ ಸರಿಹೋಗುತ್ತಿತ್ತು.

ಒಂದು ಮುಂಗಾರಿನ ಹೊತ್ತಿಗೆ ಟ್ರ್ಯಾಕ್ಟರ್ ಬಿಸಿಯಾಗತೊಡಗಿತು. ರಸ್ತೆಯಲ್ಲಿ ಏನೂ ಇಲ್ಲ. ಎರೆಹೊಲಕ್ಕಿಳಿದು ರೋಟವೇಟರ್ ಹಾಕಿ ನಾಲ್ಕು ಸಾಲು ಹೊಡೆಯುವಷ್ಟರಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗುತ್ತಿತ್ತು. ಅತ್ತೆ ಬಂದು ಹೇಳಿದರೆ ಚಿಕ್ಕಪ್ಪ, “ನೀನು ಗೇರ್ ಹಾಕೋದು ಸರಿಯಿಲ್ಲ” ಎಂದ. ಆಮೇಲೆ ಒಂದೊಂದೇ ರಿಪೇರಿ. ರೇಡಿಯೇಟರಿನ ಜಾಲರಿಗೆ ಕೂತಿದ್ದ ಹೊಟ್ಟು ಧೂಳು ಊದಿಸಿದರು. ಫ್ಯಾನ್ ಬೆಲ್ಟ್ ಬಿಗಿ ಮಾಡಿದರು. ನೀರಿಗೆ ದಾರಿ ಬಿಡುವ ವಾಲ್ವ್ ಬದಲಾಯಿಸಿದರು. ಹೊಲಕ್ಕೆ ಹೋದರೆ ಮತ್ತೆ ಅದೇ ಕೆಂಪು.

ಕೊನೆಗೆ ಹಿರಿಯೂರಿನಿಂದ ಬಾಷಾ ಬಂದ. ನಾನು ರಜೆಗೆ ಬಂದವಳು ಜಗಲಿಯ ಮೇಲಿದ್ದೆ. ಅವನು ಅಂಗಳದಲ್ಲೇ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಎಳೆದಿಟ್ಟು, ಟೀ ಕುಡಿದು ಮುಗಿಸಿ ಮುಳ್ಳು ನೋಡಿದ. ಮುಳ್ಳು ಅಲ್ಲಾಡಿರಲಿಲ್ಲ.

“ಈರಕ್ಕಾ, ಗಾಡಿಗೇನೂ ಆಗಿಲ್ಲ. ನಿಂಗೇ ಬಿಸಿ ಜಾಸ್ತಿ.”

ಚಿಕ್ಕಪ್ಪ ನಕ್ಕ. ಅತ್ತೆ ನಗಲಿಲ್ಲ.

“ಬಾಷಾ, ರೊಪ್ಪದಾಗೆ ನಿಂತ ಕುರಿ ನೋಡಿ ಯಾವ ಕುರಿಗೆ ರೋಗ ಅಂತ ಹೇಳ್ತೀಯೇನೋ? ನಿಂತಾಗ ಎಲ್ಲಾವೂ ಚೆಂದಾಗೇ ಇರ್ತವೆ. ಗುಡ್ಡ ಹತ್ತಿಸಿ ನೋಡು, ಯಾವುದು ಹಿಂದೆ ಬೀಳ್ತೈತೆ ಅಂತ. ನಡಿ ಹೊಲಕ್ಕೆ, ಹೋಗಾಣ.”

“ಬಿಸ್ಲು ಐತೆ ಅಕ್ಕಾ.”

“ಬಿಸ್ಲಾಗೆ ಅದು ಕೆಟ್ಟಿರೋದು. ನೆಳ್ಳಾಗೆ ಕುಂತು ಟೀ ಕುಡಿದ್ರೆ ಅದ್ಕೇನು ನಿನ್ ಮೇಲೆ ಪ್ರೀತಿ ಬಂದು ಬಾಯಿ ಬಿಡ್ತೈತಾ?”

ಅವನನ್ನು ಮಡ್‌ಗಾರ್ಡಿನ ಮೇಲೆ ಕೂರಿಸಿಕೊಂಡು ಹೊರಟೇಬಿಟ್ಟಳು. ನಾನೂ ಹಿಂದೆ ಹೋದೆ. ಸಾಲು ಹೊಡೆಯುತ್ತಿದ್ದ ಹಾಗೆ ಎಂಜಿನ್ನಿನ ದನಿ ಭಾರವಾಯಿತು, ಮುಳ್ಳು ಏರಿತು. ಬಾಷಾ ಅವಳ ಮುಖ ನೋಡಲಿಲ್ಲ, ಮುಳ್ಳನ್ನೇ ನೋಡುತ್ತಿದ್ದ. ಅವಳು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಟವೆಲ್ ಒದ್ದೆ ಮಾಡಿ ಕೈಗೆ ಸುತ್ತಿಕೊಂಡಳು. ಜ್ವರ ನೋಡಲು ಕುರಿಯ ಕಿವಿ ಹಿಡಿಯುತ್ತಿದ್ದ ಕೈ ಅದು. ರೇಡಿಯೇಟರಿನ ಮೇಲಿಂದ ಕೆಳಕ್ಕೆ ಒತ್ತುತ್ತಾ ಬಂದಳು.

“ಇಲ್ಲಿ ಮುಟ್ಟು. ಸುಡ್ತೈತಾ? ಈಗ ಇಲ್ಲಿ, ನಡುಮಧ್ಯ ಮುಟ್ಟು.”

“ತಣ್ಣಗೈತೆ,” ಎಂದ ಬಾಷಾ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಮುಟ್ಟಿದ. “ಒಳಗೆ ನೀರೇ ಓಡ್ತಿಲ್ಲ ಇಲ್ಲಿ.”

ಬಿಚ್ಚಿಸಿದಾಗ ಒಳಗಿನ ಕೊಳವೆಗಳಲ್ಲಿ ಬಿಳಿ ಹಕ್ಕಳೆ ಕಟ್ಟಿತ್ತು, ನಮ್ಮೂರಿನ ನೀರು ಕಾಯಿಸುವ ಹಂಡೆಗಳಲ್ಲಿ ಕಟ್ಟುವಂಥದೇ. ಚಿಕ್ಕಪ್ಪ ವರ್ಷಗಟ್ಟಲೆ ರೇಡಿಯೇಟರಿಗೆ ಬೋರಿನ ಗಡಸು ನೀರನ್ನೇ ಸುರಿದಿದ್ದ. ಕೆಲಸವಿಲ್ಲದೆ ನಿಂತಾಗ ಉಳಿದ ಕೊಳವೆಗಳೇ ಸಾಕಾಗುತ್ತಿದ್ದವು. ಲೋಡು ಬಿದ್ದಾಗ ಸಾಲುತ್ತಿರಲಿಲ್ಲ. “ಇನ್ಮೇಲೆ ಫಿಲ್ಟರ್ ನೀರು ಹಾಕು. ಬೋರ್ ನೀರು ಹಾಕಿದ್ಯೋ, ಕೊಡ ನಿನ್ ತಲೆ ಮೇಲೆ ಹಾಕ್ತೀನಿ,” ಎಂದು ಅತ್ತೆ ತಮ್ಮನಿಗೆ ಹೇಳಿದಳು.

ಮಾರನೆಯ ವಾರ ಊರ ಹೋಟೆಲಿನಲ್ಲಿ ಚಿಕ್ಕಪ್ಪ, “ರೇಡಿಯೇಟರ್ ಅಂತ ನಂಗೆ ಮೊದ್ಲೇ ಅನುಮಾನ ಇತ್ತು” ಎನ್ನುತ್ತಿದ್ದುದನ್ನು ನಾನೇ ಕೇಳಿದೆ. ಮನೆಗೆ ಬಂದು ಅತ್ತೆಗೆ ಹೇಳಿದರೆ ಅವಳು ರೊಟ್ಟಿ ತಟ್ಟುತ್ತಿದ್ದವಳು ತಲೆ ಎತ್ತದೆ, “ಅವ್ನಿಗೆ ಇದ್ದದ್ದು ಹೊಟ್ಟೆ ಹಸಿವು ಕಣೇ, ಅನುಮಾನ ಅಲ್ಲ” ಎಂದಳು. ನನಗೆ ಆಗಲೂ ನಗು ಬರಲಿಲ್ಲ.

ಈಗ ಬರೆಯಬೇಕಾದದ್ದನ್ನು ಮೂರು ಸಲ ಬರೆದು ಹೊಡೆದುಹಾಕಿದ್ದೇನೆ. ಟ್ರ್ಯಾಕ್ಟರಿನ ಕಥೆಯ ಪಕ್ಕದಲ್ಲಿಟ್ಟರೆ ಅದು ತೀರಾ ಹೊಂದಿಕೊಳ್ಳುತ್ತದೆ, ಹಾಗೆ ಹೊಂದಿಕೊಳ್ಳುವುದರ ಮೇಲೆ ನನಗೆ ನಂಬಿಕೆಯಿಲ್ಲ. ಆದರೂ ಆದದ್ದು ಹಾಗೆಯೇ.

ಹೋದ ವರ್ಷ ಅತ್ತೆಗೆ ಎದೆ ಹಿಡಿದಂತಾಗುತ್ತಿತ್ತು. ಹುಲ್ಲಿನ ಹೊರೆ ಹೊತ್ತು ಬದು ಏರುವಾಗ ಎದೆಯಿಂದ ದವಡೆಯವರೆಗೂ ನೋವು. ಹೊರೆ ಇಳಿಸಿ ಕುಳಿತರೆ ಮಾಯ. ಚಿಕ್ಕಪ್ಪ ಅವಳನ್ನು ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಅಲ್ಲಿ ಬೆಂಚಿನ ಮೇಲೆ ಬಹಳ ಹೊತ್ತು ಕೂತು, ಮಂಚದ ಮೇಲೆ ಮಲಗಿ ಇಸಿಜಿ ಮಾಡಿಸಿಕೊಂಡು ಬಂದಳು. ಎಲ್ಲ ಸರಿಯಿದೆ, ಗ್ಯಾಸ್ ಎಂದು ಮಾತ್ರೆ ಕೊಟ್ಟಿದ್ದರು. ಸಂಜೆ ನನಗೆ ಫೋನ್ ಮಾಡಿದಳು. ನಾನು ದುರ್ಗದ ಬಸ್‌ಸ್ಟ್ಯಾಂಡಿನಲ್ಲಿದ್ದೆ.

“ಡಾಕ್ಟ್ರು ನನ್ನ ಮಕ ನೋಡ್ಲಿಲ್ಲ ಕಣೇ. ನಿಮ್ಮ ಚಿಕ್ಕಪ್ಪನ್ನೇ ಕೇಳಿದ್ರು, ಅವನೇ ಹೇಳಿದ. ನಾನು ಬಾಯಿ ತೆಗೆದ್ರೆ ‘ಅಕ್ಕಾ, ಸುಮ್ಕಿರು, ದೊಡ್ಡೋರ ಮುಂದೆ’ ಅಂದ. ಮೆಟ್ಲು ಹತ್ತಿ ಇಳಿದು ಬರ್ತೀನಿ, ಆಮೇಲೆ ಆ ಇಸಿಜಿ ಪಟ್ಟಿ ತಗೀರಿ ಅನ್ನಾಣ ಅಂತಿದ್ದೆ. ಬಿಡ್ಲಿಲ್ಲ.”

ಈ ಮಾತನ್ನು ನಾನೇ ಅವಳ ಬಾಯಿಗೆ ತುಂಬಿದೆನೇ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇಲ್ಲ. ಕಂಡಕ್ಟರನ ಕೂಗಿನಲ್ಲಿ ಕೇಳಿಸದೆ “ಏನು ಹತ್ತಿ?” ಅಂದಿದ್ದೆ. “ಮೆಟ್ಲು!” ಎಂದು ಅವಳು ಕಿರುಚಿದ್ದಳು. ದುರ್ಗಕ್ಕೆ ಬಾ, ಬೇರೆ ಕಡೆ ತೋರಿಸೋಣ ಅಂದೆ. “ಶೇಂಗಾ ಕಿತ್ತು ಮುಗೀಲಿ, ಬರ್ತೀನಿ,” ಎಂದಳು.

ಶೇಂಗಾ ಮುಗಿಯುವ ಮೊದಲೇ, ಬದುವಿನ ಮೇಲೆ, ಹೊರೆಯ ಪಕ್ಕದಲ್ಲಿ ಅವಳು ಬಿದ್ದಿದ್ದಳು. ಟ್ರ್ಯಾಕ್ಟರ್ ಟ್ರೇಲರ್ ಎರಡೂ ಅವತ್ತು ಬಾಡಿಗೆಗೆ ಹೋಗಿದ್ದವು. ಡಾಕ್ಟರನ್ನು ಬೈಯಬಾರದು, ಹೇಳದೆ ಇದ್ದದ್ದು ಅವರಿಗೆ ಹೇಗೆ ತಿಳಿಯಬೇಕು ಎಂದು ಒಮ್ಮೆ ಬರೆದೆ. ಅದನ್ನೂ ಹೊಡೆದುಹಾಕಿದೆ. ಅವಳ ಮುಖ ನೋಡಿ ಕೇಳಬಹುದಿತ್ತು. ಅವರ ಮೇಲೂ ಸಿಟ್ಟಿದೆ.

ತಿಥಿ ಮುಗಿದ ಮರುದಿನ ಬೆಳಿಗ್ಗೆ ಚಿಕ್ಕಪ್ಪ ಟ್ರ್ಯಾಕ್ಟರಿನ ಬಾನೆಟ್ ಎತ್ತಿ ನಿಂತಿದ್ದ. ಫಿಲ್ಟರ್ ನೀರಿನ ಕ್ಯಾನ್ ತಂದಿದ್ದ. ಹನಿಯೂ ಚೆಲ್ಲದ ಹಾಗೆ ರೇಡಿಯೇಟರಿಗೆ ಹಾಕುತ್ತಿದ್ದ. ಅವಳು ಸತ್ತ ಮೇಲೂ ಅಷ್ಟು ಮಾತನ್ನು ಅವನು ಮೀರಿರಲಿಲ್ಲ. ಅದು ನನ್ನ ಸಿಟ್ಟನ್ನು ಇಳಿಸಬೇಕಿತ್ತೋ ಏನೋ. ಏರಿಸಿತು. ಹತ್ತಿರ ಹೋಗಿ ಕೇಳಿದೆ. ಚಿಕ್ಕಪ್ಪ ಕ್ಯಾನನ್ನು ಇನ್ನಷ್ಟು ಬಗ್ಗಿಸಿದ. ನೀರು ಬಾಯಿಮಟ್ಟಕ್ಕೆ ಬಂತು, ಉಕ್ಕಿ ಜಾಲರಿಯ ಮೇಲೆ ಇಳಿದು ಅವನ ಕಾಲನ್ನು ನೆನೆಸಿತು. ಅವನು ಸುರಿಯುತ್ತಲೇ ಇದ್ದ. ಆಮೇಲೆ ಫೋನಿನಲ್ಲೂ ಕೇಳಿದ್ದೇನೆ, ಹಬ್ಬಕ್ಕೆ ಹೋದಾಗಲೂ ಕೇಳಿದ್ದೇನೆ, ಅದೇ ಮಾತಿನಲ್ಲಿ:

“ಚಿಕ್ಕಪ್ಪಾ, ಹೊರೆ ಹೊತ್ತಾಗ ಮಾತ್ರ ನೋವು ಬರ್ತೈತೆ ಅಂತ ಡಾಕ್ಟ್ರಿಗೆ ನೀನು ಹೇಳಿದ್ಯಾ?”