ಬಾಡಿಗೆಗೆ ನಗುವವರು

ಶಾಲಾ ವಾರ್ಷಿಕೋತ್ಸವಗಳಲ್ಲಿ ನಾನೂ ನನ್ನ ಜೊತೆಗಾರನೂ ಹಾಸ್ಯ ಮಾಡುತ್ತಿದ್ದೆವು. ಶ್ರೀನಿವಾಸಪುರದ ಬಸ್ಸು ಹತ್ತಿದರೆ ಸಾಕು, ಅವನು ಟಿಕೆಟ್ಟನ್ನು ಸುರುಳಿ ಸುತ್ತಿ ಕಿವಿ ಕೆರೆದುಕೊಳ್ಳುತ್ತಾ ಹೊಸ ವ್ಯಾಪಾರ ಯೋಚಿಸುತ್ತಿದ್ದ. ಬಿಸಿ ಮುದ್ದೆಗೆ ಪುಟ್ಟ ಫ್ಯಾನು, ಮಾವಿನ ತೋಪಿಗೆ ಬಂದ ಕೋತಿಗಳನ್ನು ತೆಲುಗಿನಲ್ಲಿ ಬೈಯುವ ಬೆದರುಬೊಂಬೆ. "ಇದು ನಡೀತದೆ ಕಣೋ" ಎನ್ನುತ್ತಿದ್ದ. ನಾನು ಬಿದ್ದುಬಿದ್ದು ನಗುತ್ತಿದ್ದೆ. ಅವನು ಒಮ್ಮೆಯೂ ನಕ್ಕವನಲ್ಲ.

ಒಂದು ದಿನ, "ಲೇ, ನಗೋರನ್ನ ಬಾಡಿಗೆಗೆ ಕೊಡೋಣ" ಎಂದ.

"ಯಾರು ತಗೊಳ್ತಾರೋ?" ಎಂದೆ.

ಅದೇ ವಾರ ಮುಳಬಾಗಿಲಿನ ಶಾಲೆಯೊಂದರಲ್ಲಿ ನನ್ನ ಮೊದಲೆರಡು ಜೋಕಿಗೂ ಯಾರೂ ನಗಲಿಲ್ಲ. ಮೂರನೆಯದಕ್ಕೆ ಕೊನೆಯ ಸಾಲಿನಿಂದ ಒರಟಾದ ನಗುವೊಂದು ಎದ್ದಿತು. ನೋಡಿದರೆ ಅವನು! ನನ್ನ ಪಕ್ಕದಿಂದ ಯಾವಾಗ ಇಳಿದು ಹೋಗಿದ್ದನೋ. ಅಕ್ಕಪಕ್ಕದವರು ಅವನನ್ನು ನೋಡಿ ನಕ್ಕರು, ಆಮೇಲೆ ಇಡೀ ಮೈದಾನವೇ ನಕ್ಕಿತು. ಆ ಜೋಕು ಅವನೇ ಬರೆದುಕೊಟ್ಟಿದ್ದು.

ನಾನು ವೇದಿಕೆ ಇಳಿದು ಬಂದಾಗ ಅವನ ಮುಖ ಎಂದಿನಂತೆ ಬಿಗಿದಿತ್ತು.

"ನಡೀತು ನೋಡು" ಎಂದ.